ಬಳಸಿದ ದೋಣಿಗಳ ಕಮಿಷನ್ ಮಾರಾಟ

ಬಳಸಿದ ದೋಣಿಗಳ ಕಮಿಷನ್ ಮಾರಾಟ ಎಂದರೆ ದೋಣಿಯ ಮಾಲೀಕನು ಒಡೆತನವನ್ನು ತನ್ನಲ್ಲೇ ಉಳಿಸಿಕೊಂಡು, ದೋಣಿಯನ್ನು ವರ್ತಕನೊಬ್ಬನ ವಶಕ್ಕೆ ಒಪ್ಪಿಸಿ, ಅವನ ಮೂಲಕ ಮೂರನೆಯವರಿಗೆ ಮಾರಿಸುವ ವ್ಯವಹಾರ. ದೋಣಿ ಮಾರಾಟವಾದ ಮೇಲೆ ವರ್ತಕನು ತನ್ನ ಕಮಿಷನ್ನನ್ನೂ ಒಪ್ಪಿತ ಖರ್ಚುಗಳನ್ನೂ ಕಳೆದು ಉಳಿದ ಹಣವನ್ನು ಮಾಲೀಕನಿಗೆ ಸಲ್ಲಿಸುತ್ತಾನೆ. ವಾಣಿಜ್ಯಶಾಸ್ತ್ರದ ಪಠ್ಯಗಳಲ್ಲಿ ಈ ಬಗೆಯ ವ್ಯವಹಾರವನ್ನು ರವಾನೆ ವ್ಯಾಪಾರ ಅಥವಾ ಕನ್‌ಸೈನ್‌ಮೆಂಟ್ ಎಂದು ಕರೆಯಲಾಗುತ್ತದೆ.

ಅಮೆರಿಕ, ಯೂರೋಪುಗಳಲ್ಲಿ ವಿಹಾರದೋಣಿಗಳ ಮಾರಾಟದಲ್ಲಿ ಈ ಪದ್ಧತಿ ಸಾಮಾನ್ಯವಾಗಿದೆ. ಕರ್ನಾಟಕದಲ್ಲಿ ಬಳಸಿದ ದೋಣಿಗಳ ಕೊಡು-ಕೊಳ್ಳುವಿಕೆ ಹೆಚ್ಚಾಗಿ ಕರಾವಳಿಯ ಮೀನುಗಾರಿಕಾ ಬಂದರುಗಳಲ್ಲಿ, ದಲ್ಲಾಳಿಗಳ ಮತ್ತು ಪರಿಚಿತರ ಮೂಲಕ ನಡೆಯುತ್ತದೆ. ತುಮಕೂರು ಜಿಲ್ಲೆಯ ಮಾರ್ಕೋನಹಳ್ಳಿಯಂತಹ ಒಳನಾಡಿನ ಜಲಾಶಯಗಳಲ್ಲಿ ದೋಣಿಗಳು ಚಿಕ್ಕವು, ಮಾರಾಟವೂ ವಿರಳ. ಆದರೆ ದೋಣಿ ಚಿಕ್ಕದಾಗಲಿ ದೊಡ್ಡದಾಗಲಿ, ವಸ್ತು ಒಬ್ಬನದು, ವಶ ಇನ್ನೊಬ್ಬನದು, ಹಣ ಮೊದಲು ಸೇರುವುದು ಆ ಇನ್ನೊಬ್ಬನ ಕೈಗೆ ಎಂಬ ಸ್ಥಿತಿಯಿಂದ ಹುಟ್ಟುವ ಪ್ರಶ್ನೆಗಳು ಎರಡೂ ಕಡೆ ಒಂದೇ.

ಸ್ವರೂಪ

ಬಳಸಿದ ದೋಣಿಯನ್ನು ಮಾರಲು ಮಾಲೀಕನಿಗೆ ನಾಲ್ಕು ಮಾರ್ಗಗಳಿವೆ.

* ನೇರ ಮಾರಾಟ: ಮಾಲೀಕನೇ ಖರೀದಿದಾರನನ್ನು ಹುಡುಕಿ ವ್ಯವಹಾರ ಮುಗಿಸುತ್ತಾನೆ. ಕಮಿಷನ್ ಉಳಿಯುತ್ತದೆ, ಓಡಾಟ ಮತ್ತು ಕಾಲವ್ಯಯ ಅವನದೇ.
* ದಲ್ಲಾಳಿ ಮಾರಾಟ: ದೋಣಿ ಮಾಲೀಕನ ವಶದಲ್ಲೇ ಇರುತ್ತದೆ. ದಲ್ಲಾಳಿ ಎರಡೂ ಪಕ್ಷಗಳನ್ನು ಕೂಡಿಸಿ ದಲ್ಲಾಳಿ ಹಣ ಪಡೆಯುತ್ತಾನೆ.
* ಕಮಿಷನ್ ಮಾರಾಟ: ದೋಣಿ ವರ್ತಕನ ಅಂಗಳಕ್ಕೋ ಕಟ್ಟೆಗೋ ಬರುತ್ತದೆ. ಅದನ್ನು ತೋರಿಸುವುದು, ಬೆಲೆ ಮಾತಾಡುವುದು, ಹಣ ಪಡೆಯುವುದು ಎಲ್ಲವೂ ವರ್ತಕನ ಕೆಲಸ. ಮಾರಾಟವಾಗುವ ತನಕ ಒಡೆತನ ಮಾಲೀಕನದು.
* ವರ್ತಕನಿಗೇ ಮಾರಾಟ: ವರ್ತಕನು ಹಣ ಕೊಟ್ಟು ದೋಣಿಯನ್ನು ತನ್ನದಾಗಿಸಿಕೊಂಡು, ಮುಂದೆ ಲಾಭಕ್ಕೆ ಮಾರುತ್ತಾನೆ. ಮಾಲೀಕನಿಗೆ ಹಣ ಬೇಗ ಸಿಗುತ್ತದೆ. ಬೆಲೆ ಸಾಮಾನ್ಯವಾಗಿ ಕಡಿಮೆ.

ಹೊರನೋಟಕ್ಕೆ ಕಮಿಷನ್ ಮಾರಾಟವನ್ನೇ ಹೋಲುವ ಇನ್ನೊಂದು ಬಗೆ 'ಮಾರಾಟ ಇಲ್ಲವೇ ವಾಪಸಾತಿ' ಕರಾರು. ಅಲ್ಲಿ ವಸ್ತುವನ್ನು ಪಡೆದವನೇ ಖರೀದಿದಾರ. ಸರಕು ಮಾರಾಟ ಕಾಯ್ದೆ, 1930ರ 24ನೇ ಕಲಮಿನ ಪ್ರಕಾರ ಅವನು ಒಪ್ಪಿಗೆ ಸೂಚಿಸಿದಾಗ, ವಸ್ತುವನ್ನು ತನ್ನದೆಂಬಂತೆ ಬಳಸಿದಾಗ, ಅಥವಾ ಗೊತ್ತುಪಡಿಸಿದ ಅವಧಿ ಮೀರಿ ಮರುಮಾತಿಲ್ಲದೆ ಇಟ್ಟುಕೊಂಡಾಗ ಒಡೆತನ ಅವನಿಗೆ ದಾಟುತ್ತದೆ. ಕಮಿಷನ್ ಮಾರಾಟದಲ್ಲಿ ಎಷ್ಟು ಕಾಲ ಕಳೆದರೂ ವರ್ತಕನು ಮಾಲೀಕನಾಗುವುದಿಲ್ಲ. ಕರಾರುಪತ್ರದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿಲ್ಲದಿದ್ದರೆ, ವಿವಾದ ಬಂದಾಗ ದೋಣಿ ಯಾರದೆಂಬ ಮೂಲಪ್ರಶ್ನೆಯೇ ತೊಡಕಾಗುತ್ತದೆ.

ಮಂಡಿ ವ್ಯಾಪಾರದೊಡನೆ ಹೋಲಿಕೆ

ತುಮಕೂರು ಜಿಲ್ಲೆಯಲ್ಲಿ ಕಮಿಷನ್ ಮಾರಾಟ ಹೊಸ ಸಂಗತಿಯಲ್ಲ. ಗುಬ್ಬಿ, ತಿಪಟೂರು, ತುಮಕೂರು ಭಾಗದ ಬೆಳೆಗಾರರು ಅಡಿಕೆ ಮತ್ತು ಕೊಬ್ಬರಿಯನ್ನು ಕೃಷಿ ಉತ್ಪನ್ನ ಮಾರುಕಟ್ಟೆಯ ಮಂಡಿಗಳಿಗೆ ಒಪ್ಪಿಸುತ್ತಾರೆ. ತಿಪಟೂರು ಕೊಬ್ಬರಿ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದ ಮಾರುಕಟ್ಟೆ. ಮಂಡಿಯವರು ಮಾಲನ್ನು ಕೊಂಡುಕೊಳ್ಳುವುದಿಲ್ಲ. ಬೆಳೆಗಾರನ ಪರವಾಗಿ ಮಾರಿ ಲೆಕ್ಕ ಒಪ್ಪಿಸುತ್ತಾರೆ. ಮಾರಾಟವಾಗುವ ತನಕ ಕೊಬ್ಬರಿ ಬೆಳೆಗಾರನದೇ.

ದೋಣಿಯ ವ್ಯವಹಾರಕ್ಕೂ ಮಂಡಿಗೂ ಮೂರು ಮುಖ್ಯ ವ್ಯತ್ಯಾಸಗಳಿವೆ. ಒಂದು, ಮಂಡಿಯ ಕಮಿಷನ್ ಏಜೆಂಟನು ಕರ್ನಾಟಕ ಕೃಷಿ ಉತ್ಪನ್ನ ಮಾರಾಟ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 1966ರ ಅಡಿಯಲ್ಲಿ ಪರವಾನಗಿ ಪಡೆದವನು. ತೂಕ, ಹರಾಜು, ಹಣ ಪಾವತಿಗೆ ಮಾರುಕಟ್ಟೆ ಸಮಿತಿಯ ಮೇಲ್ವಿಚಾರಣೆ ಇದೆ. ಹಳೆಯ ದೋಣಿಗಳ ದಲ್ಲಾಳಿಗೆ ಅಂತಹ ಪ್ರತ್ಯೇಕ ಕಾಯ್ದೆಯಿಲ್ಲ. ಎರಡು, ಕೊಬ್ಬರಿಯ ಧಾರಣೆ ಪ್ರತಿ ಹರಾಜಿನಲ್ಲೂ ಬಹಿರಂಗವಾಗುತ್ತದೆ. ಎರಡು ಹಳೆಯ ದೋಣಿಗಳು ಎಂದೂ ಒಂದೇ ತರಹ ಇರುವುದಿಲ್ಲವಾದ್ದರಿಂದ ಸಿದ್ಧ ಧಾರಣೆ ಇಲ್ಲ. ಮೂರು, ಕೊಬ್ಬರಿಗೆ ನೋಂದಣಿಯಿಲ್ಲ, ದೋಣಿಗೆ ಇದೆ. ಹಣ ಕೈಸೇರಿದರೂ ಹೆಸರು ಬದಲಾಗುವ ತನಕ ದೋಣಿಯ ಹೊಣೆ ಹಳೆಯ ಮಾಲೀಕನನ್ನು ಬಿಡುವುದಿಲ್ಲ.

ಮಾರ್ಕೋನಹಳ್ಳಿ ಮತ್ತು ಒಳನಾಡಿನ ದೋಣಿಗಳು

ಮಾರ್ಕೋನಹಳ್ಳಿ ಜಲಾಶಯವು ಕುಣಿಗಲ್ ತಾಲ್ಲೂಕಿನಲ್ಲಿ, ಯಡಿಯೂರಿನ ಸಮೀಪ, ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟೆಯಿಂದ ಉಂಟಾದುದು. ಶಿಂಷಾ ನದಿ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಮುಂದೆ ಕಾವೇರಿಯನ್ನು ಸೇರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯ ಕಾಲದ ಈ ಅಣೆಕಟ್ಟೆ ತನ್ನ ಸ್ವಯಂಚಾಲಿತ ಸೈಫನ್‌ಗಳಿಗೆ ಹೆಸರಾಗಿದೆ. ನೀರು ನಿಗದಿತ ಮಟ್ಟ ತಲುಪಿದಾಗ, ಗೇಟು ತೆರೆಯುವವರಿಲ್ಲದೆಯೇ ಹೆಚ್ಚುವರಿ ನೀರು ಸೈಫನ್‌ಗಳ ಮೂಲಕ ಹೊರಹರಿಯುತ್ತದೆ. ನೀರಿನ ಹರಿವು ಹೀಗೆ ತಾನಾಗಿ ಬದಲಾಗುವ ಜಾಗದಲ್ಲಿ ದೋಣಿಯನ್ನು ಕಟ್ಟಿಡುವುದಾಗಲಿ ಓಡಿಸಿ ತೋರಿಸುವುದಾಗಲಿ ಅಪಾಯಕಾರಿ.

ಇಂತಹ ಜಲಾಶಯ ಮತ್ತು ಕೆರೆಗಳಲ್ಲಿ ಮೀನು ಹಿಡಿಯುವವರ ಮುಖ್ಯ ಸಾಧನ ಹರಿಗೋಲು ಅಥವಾ ತೆಪ್ಪ. ಬಿದಿರಿನ ದಬ್ಬೆಗಳಿಂದ ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲನ್ನೂ ಹೊದಿಸಿ, ಡಾಂಬರು ಬಳಿದು ಇದನ್ನು ಸಿದ್ಧಪಡಿಸುತ್ತಾರೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಆನೆಗೊಂದಿಗೆ ಹೊಳೆ ದಾಟಲು ಬಳಸುತ್ತಿದ್ದ, ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಈಗ ಫೈಬರ್ ಗ್ಲಾಸಿನ ಹರಿಗೋಲುಗಳೂ ಬಳಕೆಗೆ ಬಂದಿವೆ.

ಬಿದಿರಿನ ಹರಿಗೋಲಿನ ಆಯುಷ್ಯ ಕಡಿಮೆ; ಅದನ್ನು ವರ್ತಕನಿಗೆ ಒಪ್ಪಿಸಿ ಮಾರಿಸುವ ಖರ್ಚು ಅದರ ಬೆಲೆಗೆ ಸಲ್ಲುವುದಿಲ್ಲ. ಆದ್ದರಿಂದ ಅಂತಹವು ಊರವರ ನಡುವೆಯೇ ಕೈಬದಲಾಗುತ್ತವೆ. ಕಮಿಷನ್ ಮಾರಾಟದ ಪ್ರಶ್ನೆ ಬರುವುದು ಫೈಬರ್ ದೋಣಿ, ಹೊರಗಿನಿಂದ ಅಳವಡಿಸುವ ಔಟ್‌ಬೋರ್ಡ್ ಎಂಜಿನ್, ಪ್ರವಾಸಿಗರ ವಿಹಾರದೋಣಿ ಮೊದಲಾದವುಗಳಲ್ಲಿ. ಇಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಗುತ್ತಿಗೆ ಅಥವಾ ಪರವಾನಗಿಯಿಂದ ಬರುತ್ತದೆ; ದೋಣಿ ಕೊಂಡವನಿಗೆ ಆ ಹಕ್ಕು ಜೊತೆಯಲ್ಲಿ ಬರುವುದಿಲ್ಲ. ಹಾಗೆಯೇ ಸರ್ಕಾರದ ಸಹಾಯಧನದಿಂದ ಕೊಂಡ ದೋಣಿಯಾಗಿದ್ದರೆ, ಮಾರುವ ಮೊದಲು ಮಂಜೂರಾತಿ ಆದೇಶದಲ್ಲಿ ಪರಭಾರೆಗೆ ಷರತ್ತುಗಳಿವೆಯೇ ಎಂದು ನೋಡಬೇಕಾಗುತ್ತದೆ.

ಕುಣಿಗಲ್ ಮತ್ತು ಯಡಿಯೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಮಂಗಳೂರನ್ನು ಬೆಂಗಳೂರಿಗೆ ಜೋಡಿಸುತ್ತದೆ. ಕರಾವಳಿಯಿಂದ ಬಳಸಿದ ಫೈಬರ್ ದೋಣಿಯನ್ನು ಒಳನಾಡಿಗೆ ತರಿಸುವ ಖರೀದಿದಾರನಿಗೆ ಲಾರಿ ಬಾಡಿಗೆ, ಏರಿಸಿ ಇಳಿಸುವ ಕೂಲಿ, ದಾರಿಯಲ್ಲಿ ತಗಲಬಹುದಾದ ಪೆಟ್ಟು ಇವೆಲ್ಲವೂ ಬೆಲೆಯ ಭಾಗವೇ. ಸಾಗಣೆಯ ಹೊಣೆ ಯಾರದೆಂದು ಮೊದಲೇ ಬರೆದಿಡದಿದ್ದರೆ, ಒಡಲು ಬಿರಿದ ದೋಣಿ ತಲುಪಿದಾಗ ನಷ್ಟವನ್ನು ಮಾಲೀಕ, ವರ್ತಕ, ಖರೀದಿದಾರ ಪರಸ್ಪರರ ಮೇಲೆ ಹಾಕುವ ಸ್ಥಿತಿ ಬರುತ್ತದೆ.

ಕರಾವಳಿಯ ಬಂದರುಗಳಲ್ಲಿ

ಕರ್ನಾಟಕದಲ್ಲಿ ಬಳಸಿದ ದೋಣಿಗಳ ನಿಜವಾದ ಮಾರುಕಟ್ಟೆ ಇರುವುದು ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಮೊದಲಾದ ಮೀನುಗಾರಿಕಾ ಬಂದರುಗಳಲ್ಲಿ. ಟ್ರಾಲ್ ಬೋಟು, ಪರ್ಸೀನ್ ಬೋಟು, ಗಿಲ್‌ನೆಟ್ ದೋಣಿ, ನಾಡದೋಣಿ ಹೀಗೆ ಪ್ರತಿಯೊಂದು ಬಗೆಗೂ ಬೇರೆ ಬೇರೆ ಖರೀದಿದಾರರಿರುತ್ತಾರೆ. ಒಂದು ಯಾಂತ್ರೀಕೃತ ಬೋಟು ಹಲವು ಪಾಲುದಾರರ ಬಂಡವಾಳದಿಂದಲೂ ಬ್ಯಾಂಕಿನ ಸಾಲದಿಂದಲೂ ನಿಂತಿರುವುದು ಸಾಮಾನ್ಯ. ಆದ್ದರಿಂದ ಅದರ ಮಾರಾಟ ಒಬ್ಬನ ಸಹಿಯಿಂದ ಮುಗಿಯುವ ಕೆಲಸವಲ್ಲ.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಬೋಟುಗಳು ದಡ ಸೇರಿ, ದುರಸ್ತಿ ಮತ್ತು ಬಣ್ಣದ ಕೆಲಸ ನಡೆಯುವುದು ಈ ಅವಧಿಯಲ್ಲಿ. ನೀರಿನಿಂದ ಮೇಲೆ ಎಳೆದಿಟ್ಟ ದೋಣಿಯ ಅಡಿಭಾಗವನ್ನು ಪೂರ್ಣವಾಗಿ ನೋಡಬಹುದಾದ್ದರಿಂದ ಖರೀದಿದಾರನ ತಪಾಸಣೆಗೆ ಇದು ಅನುಕೂಲ ಕಾಲ. ಎಂಜಿನ್ ಮತ್ತು ಬಲೆಯೆಳೆಯುವ ವಿಂಚನ್ನು ಕಡಲಿನಲ್ಲಿ ಓಡಿಸಿ ನೋಡಲು ಮಾತ್ರ ಋತು ಆರಂಭವಾಗುವ ತನಕ ಕಾಯಬೇಕಾಗುತ್ತದೆ. ಆಗಸ್ಟಿನಲ್ಲಿ ಮೀನುಗಾರಿಕೆ ಮತ್ತೆ ಆರಂಭವಾಗುವ ಮೊದಲು ದೋಣಿ ಕೈಸೇರಬೇಕೆಂಬ ಖರೀದಿದಾರನ ಅವಸರವೂ, ಮಳೆಗಾಲದಲ್ಲಿ ಆದಾಯವಿಲ್ಲದ ಮಾಲೀಕನ ಅಡಚಣೆಯೂ ಬೆಲೆಯನ್ನು ಪ್ರಭಾವಿಸುತ್ತವೆ.

ಬಂದರುಗಳಲ್ಲಿ ಮೀನಿನ ಹರಾಜು ನಡೆಸುವ ಕಮಿಷನ್ ಏಜೆಂಟರು ಬೋಟಿನ ಮಾಲೀಕರಿಗೆ ಮುಂಗಡ ಸಾಲ ಕೊಡುವುದುಂಟು. ಸಾಲ ಕೊಟ್ಟವನೇ ದೋಣಿಯನ್ನೂ ಮಾರಿಸಿಕೊಡಲು ಮುಂದಾದಾಗ ಅವನ ಹಿತ ಮತ್ತು ಮಾಲೀಕನ ಹಿತ ಒಂದೇ ದಿಕ್ಕಿನಲ್ಲಿರುವುದಿಲ್ಲ. ಬೇಗ ಮಾರಿದರೆ ಅವನ ಸಾಲ ತೀರುತ್ತದೆ. ಕಾದು ಮಾರಿದರೆ ಮಾಲೀಕನಿಗೆ ಲಾಭ. ಭಾರತೀಯ ಕರಾರು ಕಾಯ್ದೆಯ 202ನೇ ಕಲಮಿನ ಪ್ರಕಾರ, ಏಜೆನ್ಸಿಗೆ ವಿಷಯವಾದ ಸ್ವತ್ತಿನಲ್ಲಿ ಏಜೆಂಟನಿಗೇ ಹಿತಾಸಕ್ತಿಯಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಆ ಹಿತಕ್ಕೆ ಧಕ್ಕೆಯಾಗುವಂತೆ ಏಜೆನ್ಸಿಯನ್ನು ಕೊನೆಗೊಳಿಸಲಾಗದು. ಹೀಗಾಗಿ ಸಾಲದ ಭದ್ರತೆಗೆಂದು ದೋಣಿ ಮಾರುವ ಅಧಿಕಾರ ಬರೆದುಕೊಟ್ಟ ಮಾಲೀಕನು ನಂತರ ಮನಸ್ಸು ಬದಲಾಯಿಸುವುದು ಸುಲಭವಲ್ಲ.

ಕಾನೂನಿನ ಸ್ಥಾನ

*ಏಜೆಂಟನ ಕರ್ತವ್ಯಗಳು*

ಕಮಿಷನ್ ಮಾರಾಟದಲ್ಲಿ ಮಾಲೀಕ ಮತ್ತು ವರ್ತಕರ ಸಂಬಂಧವನ್ನು ಮುಖ್ಯವಾಗಿ ಭಾರತೀಯ ಕರಾರು ಕಾಯ್ದೆ, 1872 ನಿಯಂತ್ರಿಸುತ್ತದೆ. ಅದರ ಪ್ರಕಾರ ವರ್ತಕನು ಮಾಲೀಕನ ಸೂಚನೆಯಂತೆ ನಡೆಯಬೇಕು (ಕಲಂ 211), ಯೋಗ್ಯ ಕೌಶಲ್ಯ ಮತ್ತು ಶ್ರದ್ಧೆ ವಹಿಸಬೇಕು (212), ಕೇಳಿದಾಗ ಸರಿಯಾದ ಲೆಕ್ಕ ಕೊಡಬೇಕು (213), ತನಗೆ ಸಲ್ಲಬೇಕಾದುದನ್ನು ಕಳೆದು ಉಳಿದ ಹಣವನ್ನೆಲ್ಲ ಪಾವತಿಸಬೇಕು (217, 218). ವರ್ತಕನು ಮಾಲೀಕನಿಗೆ ತಿಳಿಸದೆ ತಾನೇ ಅಥವಾ ತನ್ನವರ ಹೆಸರಿನಲ್ಲಿ ದೋಣಿಯನ್ನು ಕೊಂಡು, ಮುಖ್ಯ ಸಂಗತಿಯನ್ನು ಅಪ್ರಾಮಾಣಿಕವಾಗಿ ಮರೆಮಾಚಿದ್ದರೆ ಅಥವಾ ಆ ವ್ಯವಹಾರದಿಂದ ಮಾಲೀಕನಿಗೆ ಹಾನಿಯಾಗಿದ್ದರೆ, ಮಾಲೀಕನು ಅದನ್ನು ತಿರಸ್ಕರಿಸಬಹುದು (215). ಹಾಗೆ ಗಳಿಸಿದ ಲಾಭವನ್ನು ಕೇಳುವ ಹಕ್ಕೂ ಅವನಿಗಿದೆ (216).

ವರ್ತಕನಿಗೂ ರಕ್ಷಣೆಯಿದೆ. ಕಮಿಷನ್ ಮತ್ತು ತಾನು ಮಾಡಿದ ನ್ಯಾಯವಾದ ಖರ್ಚು ಬರುವ ತನಕ ದೋಣಿಯನ್ನು ತಡೆದಿಟ್ಟುಕೊಳ್ಳುವ ಹಕ್ಕನ್ನು 221ನೇ ಕಲಂ ನೀಡುತ್ತದೆ. ಅವಧಿ ಮುಗಿದು ದೋಣಿ ವಾಪಸು ಕೇಳಿದಾಗ, ಒಪ್ಪದ ದುರಸ್ತಿಯ ಬಿಲ್ಲನ್ನು ಮುಂದೊಡ್ಡಿ ದೋಣಿಯನ್ನು ತಡೆಹಿಡಿಯುವ ಜಗಳಗಳ ಮೂಲ ಇದು. ಲಿಖಿತ ಒಪ್ಪಿಗೆಯಿಲ್ಲದೆ ಯಾವ ದುರಸ್ತಿಯನ್ನೂ ಮಾಡತಕ್ಕದ್ದಲ್ಲ ಎಂಬ ಒಂದು ವಾಕ್ಯ ಕರಾರಿನಲ್ಲಿದ್ದರೆ ಇಂತಹ ವಿವಾದ ಬಹುಮಟ್ಟಿಗೆ ತಪ್ಪುತ್ತದೆ.

*ವಶ ಮತ್ತು ಜೋಪಾಸನೆ*

ದೋಣಿ ವರ್ತಕನ ವಶದಲ್ಲಿರುವಾಗ ಅವನಿಗೆ ಬೇಲ್‌ಮೆಂಟ್ ಎಂಬ ಕರಾರಿನ ಹೊಣೆಯೂ ಇರುತ್ತದೆ. ಸಾಮಾನ್ಯ ವಿವೇಕಿಯು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗರೂಕತೆಯಿಂದ ಅದನ್ನು ಕಾಯಬೇಕು (ಕಲಂ 151). ಅಷ್ಟು ಜಾಗರೂಕತೆ ವಹಿಸಿಯೂ ಹಾನಿಯಾದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅವನು ಹೊಣೆಗಾರನಲ್ಲ (152). ಅಂದರೆ ಬಿರುಗಾಳಿಗೆ ದೋಣಿ ಮುಳುಗಿದರೆ ನಷ್ಟ ಮಾಲೀಕನದು. ಈ ಕಾರಣದಿಂದ ಮಾರಾಟವಾಗುವ ತನಕ ಮಾಲೀಕನು ವಿಮೆಯನ್ನು ಮುಂದುವರಿಸಬೇಕಾಗುತ್ತದೆ. ಕಡಲ ವಿಮೆ ಕಾಯ್ದೆ, 1963ರ ಪ್ರಕಾರ, ವಿಮೆ ಮಾಡಿಸಿದವನು ವಸ್ತುವಿನಲ್ಲಿನ ತನ್ನ ಹಿತವನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ವಿಮೆಯ ಹಕ್ಕು ಹೊಸಬನಿಗೆ ಹೋಗುವುದಿಲ್ಲ. ಅದಕ್ಕೆ ಪಕ್ಷಗಳ ನಡುವೆ ಒಪ್ಪಂದವಿರಬೇಕು.

*ಸದ್ಭಾವನೆಯ ಖರೀದಿದಾರ*

ಮಾಲೀಕನು ಎದುರಿಸುವ ಅತಿ ದೊಡ್ಡ ಅಪಾಯ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನಲ್ಲಿದೆ. ತನ್ನದಲ್ಲದ ವಸ್ತುವನ್ನು ಮಾರಿದವನು ತನಗಿಲ್ಲದ ಒಡೆತನವನ್ನು ಕೊಡಲಾರ ಎಂಬುದು ಸಾಮಾನ್ಯ ನಿಯಮ. ಆದರೆ ವಾಣಿಜ್ಯ ಏಜೆಂಟನು ಮಾಲೀಕನ ಒಪ್ಪಿಗೆಯಿಂದ ವಸ್ತುವನ್ನಾಗಲಿ ಅದರ ಒಡೆತನದ ದಾಖಲೆಯನ್ನಾಗಲಿ ವಶದಲ್ಲಿಟ್ಟುಕೊಂಡು, ತನ್ನ ವ್ಯಾಪಾರದ ಸಾಮಾನ್ಯ ಕ್ರಮದಲ್ಲಿ ಮಾರಿದ್ದು, ಖರೀದಿದಾರನು ಸದ್ಭಾವನೆಯಿಂದ, ಏಜೆಂಟನಿಗೆ ಅಧಿಕಾರವಿಲ್ಲವೆಂಬ ಅರಿವಿಲ್ಲದೆ ಕೊಂಡಿದ್ದರೆ, ಆ ಮಾರಾಟ ಸಿಂಧುವಾಗುತ್ತದೆ. ವರ್ತಕನು ಕನಿಷ್ಠ ಬೆಲೆಗಿಂತ ಕಡಿಮೆಗೆ ಮಾರಿ ಹಣದೊಡನೆ ಕಾಣೆಯಾದರೂ, ಮಾಲೀಕನು ಖರೀದಿದಾರನಿಂದ ದೋಣಿಯನ್ನು ಮರಳಿ ಪಡೆಯಲಾಗದಿರಬಹುದು. ಅವನಿಗೆ ಉಳಿಯುವುದು ವರ್ತಕನ ಮೇಲಿನ ದಾವೆ ಮಾತ್ರ.

ಮೂಲ ದಾಖಲೆಗಳನ್ನು ವರ್ತಕನಿಗೆ ಒಪ್ಪಿಸದೆ ಪ್ರತಿಗಳನ್ನಷ್ಟೇ ಕೊಡುವುದು, ಹೆಸರು ತುಂಬದ ವರ್ಗಾವಣೆ ಪತ್ರಕ್ಕೆ ಸಹಿ ಹಾಕದಿರುವುದು, ಹಣ ಸಂದಾಯವಾದ ಮೇಲೆಯೇ ಮಾಲೀಕನು ಖುದ್ದಾಗಿ ಸಹಿ ಮಾಡುವುದು ಎಂಬ ಎಚ್ಚರಿಕೆಗಳು ಈ ಅಪಾಯಕ್ಕೆ ಸಂಬಂಧಿಸಿದವು.

*ವರ್ತಕನ ದಿವಾಳಿ*

ವರ್ತಕ ಸಂಸ್ಥೆ ದಿವಾಳಿಯಾದಾಗ ಅದರ ಅಂಗಳದಲ್ಲಿರುವ ಎಲ್ಲ ದೋಣಿಗಳೂ ಸಾಲಗಾರರ ಕಣ್ಣಿಗೆ ಸಂಸ್ಥೆಯ ಆಸ್ತಿಯಂತೆ ಕಾಣುತ್ತವೆ. ಕಂಪನಿಗಳಿಗೆ ಅನ್ವಯಿಸುವ 2016ರ ದಿವಾಳಿ ಸಂಹಿತೆಯ 18ನೇ ಕಲಂ, ಬೇಲ್‌ಮೆಂಟ್ ಮೊದಲಾದ ಕರಾರುಗಳ ಮೇಲೆ ಕಂಪನಿಯ ವಶದಲ್ಲಿರುವ ಇತರರ ಸ್ವತ್ತನ್ನು ಕಂಪನಿಯ ಆಸ್ತಿಯಿಂದ ಹೊರಗಿಡುತ್ತದೆ. ಆದರೆ ದೋಣಿ ತನ್ನದೆಂದು ತೋರಿಸಬೇಕಾದವನು ಮಾಲೀಕನೇ. ಬಾಯಿಮಾತಿನ ಒಪ್ಪಂದ ಅಂತಹ ಹೊತ್ತಿನಲ್ಲಿ ನೆರವಿಗೆ ಬರುವುದು ಕಷ್ಟ. ದೋಣಿ ಈಗಾಗಲೇ ಮಾರಾಟವಾಗಿ ಹಣವು ಸಂಸ್ಥೆಯ ಸಾಮಾನ್ಯ ಖಾತೆಯಲ್ಲಿ ಬೆರೆತಿದ್ದರೆ ಅದನ್ನು ಪ್ರತ್ಯೇಕಿಸಿ ಪಡೆಯುವುದು ಇನ್ನೂ ಕಠಿಣ.

ನೋಂದಣಿ ಮತ್ತು ಹೆಸರು ವರ್ಗಾವಣೆ

ಕಡಲ ಮೀನುಗಾರಿಕಾ ದೋಣಿಗಳ ನೋಂದಣಿ ವಾಣಿಜ್ಯ ನೌಕಾಯಾನ ಕಾಯ್ದೆ, 1958ರ ಅಡಿಯಲ್ಲಿ ನಡೆದುಬಂದಿದೆ. ಆ ಕಾಯ್ದೆಯ ಸ್ಥಾನಕ್ಕೆ ಬರುವ ಹೊಸ ಕಾಯ್ದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಮೀನುಗಾರಿಕೆಯ ಪರವಾನಗಿಯನ್ನು ರಾಜ್ಯವು ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986ರ ಅಡಿಯಲ್ಲಿ ನೀಡುತ್ತದೆ. ನೋಂದಣಿ ಮತ್ತು ಪರವಾನಗಿಗಳಿಗೆ ರಿಯಲ್‌ಕ್ರಾಫ್ಟ್ ಎಂಬ ರಾಷ್ಟ್ರೀಯ ಆನ್‌ಲೈನ್ ವ್ಯವಸ್ಥೆಯಿದೆ. ನದಿ, ಜಲಾಶಯಗಳಲ್ಲಿ ಓಡುವ ಎಂಜಿನ್ ಚಾಲಿತ ನೌಕೆಗಳ ನೋಂದಣಿ ಮತ್ತು ತಪಾಸಣೆಗೆ, 1917ರ ಹಳೆಯ ಕಾಯ್ದೆಯ ಬದಲಿಗೆ ಬಂದ ಒಳನಾಡು ನೌಕೆಗಳ ಕಾಯ್ದೆ, 2021 ಅನ್ವಯಿಸುತ್ತದೆ.

ಹೆಸರು ವರ್ಗಾವಣೆ ಬಾಕಿ ಉಳಿಯುವುದು ಕೇವಲ ಕಾಗದದ ಲೋಪವಲ್ಲ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದ ಉಗ್ರರು ಕುಬೇರ್ ಎಂಬ ಭಾರತೀಯ ಮೀನುಗಾರಿಕಾ ದೋಣಿಯನ್ನು ಕಡಲಿನಲ್ಲಿ ಅಪಹರಿಸಿ ಬಳಸಿದ್ದರು. ಆ ನಂತರ ಕರಾವಳಿಯಾದ್ಯಂತ ದೋಣಿಗಳ ನೋಂದಣಿ, ರಾಜ್ಯವಾರು ಬಣ್ಣ, ಮೀನುಗಾರರ ಗುರುತಿನ ಚೀಟಿಗಳ ವಿಷಯದಲ್ಲಿ ಬಿಗಿ ಹೆಚ್ಚಿತು. ದೋಣಿ ಅಪಘಾತಕ್ಕೀಡಾದಾಗ ಅಥವಾ ಅಕ್ರಮಕ್ಕೆ ಬಳಕೆಯಾದಾಗ ಅಧಿಕಾರಿಗಳು ಮೊದಲು ವಿಚಾರಿಸುವುದು ನೋಂದಣಿಯಲ್ಲಿ ಹೆಸರಿರುವವನನ್ನೇ.

ಕರರಹಿತ ಡೀಸೆಲ್, ನಾಡದೋಣಿಗಳಿಗೆ ದೊರೆಯುವ ಸಹಾಯಧನದ ಸೀಮೆಎಣ್ಣೆ ಮೊದಲಾದ ಸೌಲಭ್ಯಗಳು ಅರ್ಹ ಮಾಲೀಕನ ದಾಖಲೆಗಳಿಗೆ ಅಂಟಿಕೊಂಡಿರುವುದರಿಂದ, ಹೆಸರು ಬದಲಾಗದೆ ಖರೀದಿದಾರನಿಗೂ ಅವು ಸರಿಯಾಗಿ ಸಿಗುವುದಿಲ್ಲ. ದೋಣಿಯ ಮೇಲೆ ಬ್ಯಾಂಕ್ ಸಾಲವಿದ್ದರೆ ಅದನ್ನು ತೀರಿಸಿ ನಿರಾಕ್ಷೇಪಣಾ ಪತ್ರ ಪಡೆಯುವುದು ವರ್ಗಾವಣೆಯ ಮೊದಲ ಮೆಟ್ಟಿಲು.

ದೋಣಿಯ ತಪಾಸಣೆ ಮತ್ತು ಬೆಲೆ

ಬೆಲೆಯನ್ನು ನಿರ್ಧರಿಸುವ ಮುಖ್ಯ ಅಂಶಗಳು ಒಡಲಿನ ಸ್ಥಿತಿ, ಎಂಜಿನ್ನಿನ ವಯಸ್ಸು ಮತ್ತು ಓಡಿದ ಗಂಟೆಗಳು, ಬಲೆ ಹಾಗೂ ಸಲಕರಣೆ, ದಾಖಲೆಗಳ ಪೂರ್ಣತೆ. ಒಡಲಿನ ದೋಷಗಳು ವಸ್ತುವಿಗನುಸಾರ ಬೇರೆಯಾಗುತ್ತವೆ.

* ಮರ: ಹಲಗೆಯೊಳಗೆ ಕೊರೆಯುವ ಹಡಗುಹುಳು, ಸಂದುಗಳ ಸೋರಿಕೆ, ಮೊಳೆಗಳ ಸುತ್ತ ಕೊಳೆತ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುವುದು ಮರವನ್ನು ಕಾಪಾಡುವ ಹಳೆಯ ಕ್ರಮ.
* ಉಕ್ಕು: ತುಕ್ಕು ಮತ್ತು ತಗಡಿನ ಸವೆತ. ಅಲ್ಟ್ರಾಸಾನಿಕ್ ಉಪಕರಣದಿಂದ ತಗಡಿನ ದಪ್ಪ ಅಳೆಯುತ್ತಾರೆ.
* ಫೈಬರ್: ಪದರಗಳ ನಡುವೆ ನೀರು ಸೇರಿ ಏಳುವ ಗುಳ್ಳೆಗಳು, ಬಿರುಕು, ಪದರ ಬಿಡುವಿಕೆ. ಹೊಸ ಬಣ್ಣ ಇವನ್ನು ಮುಚ್ಚಿಹಾಕಬಲ್ಲದು.

ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ವಸ್ತುವಿನ ಗುಣಮಟ್ಟವನ್ನು ನೋಡಿಕೊಳ್ಳಬೇಕಾದವನು ಖರೀದಿದಾರನೇ. ಆದರೆ ತಿಳಿದ ದೋಷವನ್ನು ಸುಳ್ಳು ಹೇಳಿ ಮರೆಮಾಚಿದರೆ ಅದು ವಂಚನೆಯಾಗುತ್ತದೆ. ಏಜೆಂಟನು ತನ್ನ ಅಧಿಕಾರದ ಕೆಲಸದಲ್ಲಿ ಮಾಡಿದ ಸುಳ್ಳುಹೇಳಿಕೆಯ ಪರಿಣಾಮ ಮಾಲೀಕನಿಗೂ ತಟ್ಟುತ್ತದೆ. ಆದ್ದರಿಂದ ಮಾಲೀಕನು ತನಗೆ ತಿಳಿದ ದೋಷಗಳ ಪಟ್ಟಿಯನ್ನು ಬರೆದು ವರ್ತಕನಿಗೆ ಕೊಟ್ಟು ಸಹಿ ಪಡೆಯುವುದು ಅವನ ಹಿತಕ್ಕೇ ಒಳ್ಳೆಯದು.

ಕಮಿಷನ್ ಮತ್ತು ಲೆಕ್ಕ

ಕಮಿಷನ್ ಗೊತ್ತುಪಡಿಸುವ ರೀತಿಗಳು ಎರಡು. ಮೊದಲನೆಯದು ಮಾರಾಟ ಬೆಲೆಯ ಮೇಲೆ ಶೇಕಡಾವಾರು. ಎರಡನೆಯದು ಮಾಲೀಕನಿಗೆ ಸಲ್ಲಬೇಕಾದ ನಿವ್ವಳ ಮೊತ್ತವನ್ನು ನಿಗದಿಪಡಿಸಿ, ಮೇಲಿನದನ್ನು ವರ್ತಕನಿಗೆ ಬಿಡುವುದು. ಇವೆರಡರ ವ್ಯತ್ಯಾಸವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಇಲ್ಲಿ ತೆರಿಗೆಯನ್ನು ಸೇರಿಸಿಲ್ಲ.

* ಮಾರಾಟ ಬೆಲೆ: ರೂ. 12,00,000
* ಕಮಿಷನ್, ಶೇ. 5ರಂತೆ: ರೂ. 60,000
* ನಿಲುಗಡೆ ಬಾಡಿಗೆ, ತಿಂಗಳಿಗೆ ರೂ. 4,000ದಂತೆ 3 ತಿಂಗಳಿಗೆ: ರೂ. 12,000
* ಒಪ್ಪಿಗೆ ಪಡೆದು ಮಾಡಿದ ಎಂಜಿನ್ ದುರಸ್ತಿ: ರೂ. 38,000
* ಬ್ಯಾಂಕಿಗೆ ತೀರಿಸಿದ ಸಾಲದ ಬಾಕಿ: ರೂ. 4,50,000
* ಮಾಲೀಕನ ಕೈಸೇರುವುದು: ರೂ. 6,40,000

ಇದೇ ದೋಣಿಗೆ ಮಾಲೀಕನ ನಿವ್ವಳ ಮೊತ್ತ ರೂ. 10,50,000 ಎಂದು ನಿಗದಿಯಾಗಿದ್ದು, ಎಲ್ಲ ಖರ್ಚೂ ವರ್ತಕನದೇ ಆಗಿದ್ದರೆ, ರೂ. 12,00,000ಕ್ಕೆ ಮಾರಿದ ವರ್ತಕನಿಗೆ ರೂ. 1,50,000 ಉಳಿಯುತ್ತದೆ. ಅದರಲ್ಲಿ ಬಾಡಿಗೆ ಮತ್ತು ದುರಸ್ತಿಯ ರೂ. 50,000 ಕಳೆದರೂ ಅವನ ಪಾಲು ರೂ. 1,00,000. ಮಾಲೀಕನಿಗೆ ಸಾಲ ತೀರಿಸಿ ಸಿಗುವುದು ರೂ. 6,00,000. ನಿವ್ವಳ ಪದ್ಧತಿ ಮಾಲೀಕನಿಗೆ ನಿಶ್ಚಿತತೆ ಕೊಡುತ್ತದೆ. ನಿಜವಾದ ಮಾರಾಟ ಬೆಲೆ ಅವನಿಗೆ ತಿಳಿಯದೇ ಹೋಗುವ ಸಾಧ್ಯತೆಯನ್ನೂ ತರುತ್ತದೆ. ಯಾವ ಪದ್ಧತಿಯಾದರೂ ಖರೀದಿದಾರನ ಸಹಿಯಿರುವ ಕ್ರಯಪತ್ರದ ಪ್ರತಿ ಮಾಲೀಕನಿಗೆ ದೊರೆಯಬೇಕೆಂಬ ಷರತ್ತು ಲೆಕ್ಕವನ್ನು ಪಾರದರ್ಶಕವಾಗಿಸುತ್ತದೆ.

ಕರಾರುಪತ್ರದ ಅಂಶಗಳು

ಕಮಿಷನ್ ಮಾರಾಟದ ಕರಾರುಪತ್ರದಲ್ಲಿ ಸಾಮಾನ್ಯವಾಗಿ ಇರಬೇಕಾದ ಅಂಶಗಳು ಇವು.

1. ದೋಣಿಯ ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ, ಜೊತೆಯಲ್ಲಿ ಒಪ್ಪಿಸಿದ ಬಲೆ, ಲಂಗರು, ಉಪಕರಣಗಳ ಪಟ್ಟಿ.
2. ಒಡೆತನ ಮಾಲೀಕನಲ್ಲೇ ಉಳಿಯುತ್ತದೆ, ವರ್ತಕನು ಏಜೆಂಟ್ ಮಾತ್ರ ಎಂಬ ಸ್ಪಷ್ಟ ಹೇಳಿಕೆ.
3. ಕನಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಮಾರಲು ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು.
4. ಕರಾರಿನ ಅವಧಿ ಮತ್ತು ದೋಣಿಯನ್ನು ವಾಪಸು ಪಡೆಯುವ ಕ್ರಮ.
5. ಕಮಿಷನ್ ದರ, ನಿಲುಗಡೆ ಬಾಡಿಗೆ, ದುರಸ್ತಿಯ ಮಿತಿ.
6. ಮಾಲೀಕನೇ ಖರೀದಿದಾರನನ್ನು ಕರೆತಂದರೆ ಕಮಿಷನ್ ಸಲ್ಲುತ್ತದೆಯೇ ಎಂಬುದು.
7. ಓಡಿಸಿ ತೋರಿಸುವಾಗ ಚಾಲಕ ಯಾರು, ಹಾನಿಯಾದರೆ ಹೊಣೆ ಯಾರದು ಎಂಬುದು.
8. ಖರೀದಿದಾರನ ಮುಂಗಡ ಹಣ ಎಲ್ಲಿರಬೇಕು, ವ್ಯವಹಾರ ಮುರಿದರೆ ಅದು ಯಾರಿಗೆ ಸೇರುತ್ತದೆ ಎಂಬುದು.
9. ಮಾರಾಟವಾದ ಎಷ್ಟು ದಿನಗಳೊಳಗೆ ಹಣ ಸಂದಾಯವಾಗಬೇಕು ಎಂಬುದು.
10. ಹೆಸರು ವರ್ಗಾವಣೆಯ ಅರ್ಜಿ ಸಲ್ಲಿಸುವ ಹೊಣೆ ಮತ್ತು ಗಡುವು.

ಪಾಲುದಾರಿಕೆಯ ಬೋಟಾಗಿದ್ದರೆ ಎಲ್ಲ ಪಾಲುದಾರರ ಸಹಿ, ಮಾಲೀಕ ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಅವಶ್ಯ.

ತೆರಿಗೆ

ವರ್ತಕನು ಜಿಎಸ್‌ಟಿ ಅಡಿಯಲ್ಲಿ ನೋಂದಾಯಿತನಾಗಿದ್ದರೆ ಅವನ ಕಮಿಷನ್ ಸೇವೆಯಾಗಿ ತೆರಿಗೆಗೆ ಒಳಪಡುತ್ತದೆ. ಬಳಸಿದ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತ ವ್ಯಾಪಾರಿಯು, ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಖರೀದಿ ಮತ್ತು ಮಾರಾಟ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕಟ್ಟಲು ಕೇಂದ್ರ ಜಿಎಸ್‌ಟಿ ನಿಯಮಗಳ 32(5)ನೇ ನಿಯಮ ಅವಕಾಶ ಕೊಡುತ್ತದೆ. ಏಜೆಂಟನು ತನ್ನ ಹೆಸರಿನಲ್ಲೇ ಬಿಲ್ಲು ಹಾಕುವನೋ ಮಾಲೀಕನ ಹೆಸರಿನಲ್ಲೋ ಎಂಬುದರ ಮೇಲೆ ತೆರಿಗೆಯ ಸ್ವರೂಪ ಬದಲಾಗುತ್ತದೆ.

ವಿವಾದ ಮತ್ತು ಪರಿಹಾರ

ಹಣ ಬಾರದಿದ್ದಾಗ ಮಾಲೀಕನಿಗಿರುವ ಮುಖ್ಯ ಮಾರ್ಗ ಸಿವಿಲ್ ದಾವೆ. ಏಜೆಂಟನು ಪಡೆದು ಲೆಕ್ಕ ಕೊಡದ ಚರಸ್ವತ್ತಿನ ದಾವೆಗೆ ಕಾಲಮಿತಿ ಕಾಯ್ದೆ, 1963ರ ಪ್ರಕಾರ 3 ವರ್ಷಗಳ ಮಿತಿಯಿದೆ. ಏಜೆನ್ಸಿ ನಡೆಯುತ್ತಿರುವಾಗ ಲೆಕ್ಕ ಕೇಳಿ ನಿರಾಕರಣೆಯಾದ ದಿನದಿಂದ, ಕೇಳದೇ ಇದ್ದಲ್ಲಿ ಏಜೆನ್ಸಿ ಕೊನೆಗೊಂಡ ದಿನದಿಂದ ಅದನ್ನು ಎಣಿಸಲಾಗುತ್ತದೆ. ಪರಿಚಯದ ದಾಕ್ಷಿಣ್ಯಕ್ಕೆ ವರ್ಷಗಟ್ಟಲೆ ಸುಮ್ಮನಿರುವ ಮಾಲೀಕನು ಈ ಮಿತಿಯನ್ನು ಮೀರುವ ಸಂಭವವಿದೆ. ಅಪ್ರಾಮಾಣಿಕ ದುರುಪಯೋಗವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆ, 2023ರ 316ನೇ ಕಲಮಿನ ಅಡಿಯಲ್ಲಿ ನಂಬಿಕೆ ದ್ರೋಹದ ಅಪರಾಧವೂ ಆಗಬಹುದು.

ಖರೀದಿದಾರನಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ನೆರವಿದೆ. ವಾಣಿಜ್ಯ ಉದ್ದೇಶದ ಖರೀದಿಯನ್ನು ಕಾಯ್ದೆ ಹೊರಗಿಟ್ಟರೂ, ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕೆಂದೇ ಕೊಂಡವನನ್ನು ಗ್ರಾಹಕನೆಂದೇ ಪರಿಗಣಿಸುತ್ತದೆ. ತಾನೇ ಹುಟ್ಟುಹಾಕಿ ಮೀನು ಹಿಡಿಯುವವನು ಕೊಂಡ ದೋಣಿಯ ವಿಷಯದಲ್ಲಿ ಇದು ಮಹತ್ವದ ಅಪವಾದ.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದೋಣಿಯ ಒಡಲಿನ ಮೇಲೆ ತಯಾರಕರು 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯನ್ನು ಕೆತ್ತುವುದು ಕಡ್ಡಾಯ. ಇದರಿಂದ ಒಪ್ಪಿಸಿದ ದೋಣಿಯನ್ನು ಗುರುತಿಸುವುದು ಸುಲಭ. ಅಲ್ಲಿನ ಏಕರೂಪ ವಾಣಿಜ್ಯ ಸಂಹಿತೆಯ ಪ್ರಕಾರ, ಒಪ್ಪಿಸಿದವನು ತನ್ನ ಹಕ್ಕನ್ನು ಸಾರ್ವಜನಿಕ ದಾಖಲೆಯಲ್ಲಿ ಸಲ್ಲಿಸದಿದ್ದರೆ ಕೆಲವು ಸಂದರ್ಭಗಳಲ್ಲಿ ವರ್ತಕನ ಸಾಲಗಾರರು ಆ ವಸ್ತುವಿನ ಮೇಲೆ ಹಕ್ಕು ಸಾಧಿಸಬಹುದು. ಫ್ಲಾರಿಡ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳಲ್ಲಿ ವಿಹಾರನೌಕೆಗಳ ದಲ್ಲಾಳಿಗಳಿಗೆ ಪರವಾನಗಿ ಅಗತ್ಯ. ಬ್ರಿಟನ್ನಿನಲ್ಲಿ ಏಜೆಂಟನ ಮೂಲಕ ಸದ್ಭಾವನೆಯಿಂದ ಕೊಂಡವನ ರಕ್ಷಣೆ 1889ರ ಫ್ಯಾಕ್ಟರ್ಸ್ ಕಾಯ್ದೆಯಲ್ಲಿದೆ. ಭಾರತದ 27ನೇ ಕಲಮಿನ ಅಪವಾದವೂ ಅದೇ ತತ್ತ್ವವನ್ನು ಅನುಸರಿಸುತ್ತದೆ.

ಇವನ್ನೂ ನೋಡಿ

* ಮಾರ್ಕೋನಹಳ್ಳಿ ಜಲಾಶಯ
* ಶಿಂಷಾ ನದಿ
* ಹರಿಗೋಲು
* ಮಲ್ಪೆ
* ಭಾರತೀಯ ಕರಾರು ಕಾಯ್ದೆ, 1872
* ಸರಕು ಮಾರಾಟ ಕಾಯ್ದೆ, 1930